ಒಂದು ಬ್ಲಾಂಕೆಟ್, ಎರಡು ಕೌದಿ: ಹೊಲಿದವರ ಕೂಲಿಯ ಲೆಕ್ಕ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಈಗ ಮೂರು ಹೊದಿಕೆಗಳಿದ್ದು, ಮೂರನ್ನೂ ಎರಡು ಚಳಿಗಾಲ ಬಳಸಿ ನೋಡಿದ್ದೇನೆ. ಹೊಸ ಬಟ್ಟೆಯನ್ನು ಆದಷ್ಟು ಕೊಳ್ಳಬಾರದು ಎಂಬುದು ನನ್ನ ಒಂದು ನಿರ್ಧಾರ. ಯಾರದೋ ದುಡಿಮೆಯನ್ನು ಅಗ್ಗಕ್ಕೆ ಕಿತ್ತುಕೊಂಡ ವಸ್ತು ಮನೆಗೆ ಬರಬಾರದು ಎಂಬುದು ಇನ್ನೊಂದು. ಇವೆರಡೂ ಒಂದೇ ಎಂದು ತಿಳಿದಿದ್ದೆ. ಹಾಗಲ್ಲವೆಂದು ಮೊದಲ ಹೊದಿಕೆಯೇ ತೋರಿಸಿತು.

ಅದು ಸಂತೆಯಲ್ಲಿ 350 ರೂಪಾಯಿಗೆ ಕೊಂಡ, ಪಾಣಿಪತ್ತಿನ ಮಾಲೆಂದು ವ್ಯಾಪಾರಿ ಹೇಳಿದ ಬ್ಲಾಂಕೆಟ್. ಹರಿಯಾಣದ ಆ ಊರಿಗೆ ಬೇರೆ ದೇಶಗಳವರು ಬಿಸಾಡಿದ ಉಣ್ಣೆಯ ಕೋಟು, ಸ್ವೆಟರ್‌ಗಳು ಮತ್ತೆ ತೊಡಲು ಬಾರದಂತೆ ಕತ್ತರಿಸಿದ ಸ್ಥಿತಿಯಲ್ಲಿ ಬರುತ್ತವೆ. ಅವುಗಳ ಗುಂಡಿ, ಜಿಪ್ಪು ಕಿತ್ತು, ಬಣ್ಣವಾರು ವಿಂಗಡಿಸಿ, ಯಂತ್ರದಲ್ಲಿ ಹಿಂಜಿ ಪುನಃ ನೂಲು ತೆಗೆಯುತ್ತಾರೆ. ಮರುಬಳಕೆಯೇನೋ ನಿಜ. ಆದರೆ ಹಿಂಜುವಾಗ ಏಳುವ ನವಿರು ಧೂಳನ್ನು ದಿನವಿಡೀ ಉಸಿರಾಡುವವರಿಗೆ ಆ 350 ರೂಪಾಯಿಯಲ್ಲಿ ಸಿಕ್ಕಿದ್ದೆಷ್ಟು ಎಂದು ತಿಳಿಯುವ ದಾರಿಯೇ ಕೊಳ್ಳುವವರಿಗೆ ಇಲ್ಲ. ಹಗುರ, ಬೆಚ್ಚಗೆ, ಬೆಳಿಗ್ಗೆ ಒಗೆದರೆ ಸಂಜೆಗೆ ಒಣಗುತ್ತದೆ. ಎರಡನೆಯ ವರ್ಷಕ್ಕೆ ಮೈಯೆಲ್ಲ ಗುಂಜೆದ್ದಿತು.

ಎರಡನೆಯದು ಬೆಳಗಾವಿಯ ಒಂದು ಅಂಗಡಿಯಲ್ಲಿ 2,400 ರೂಪಾಯಿ ಕೊಟ್ಟು ತಂದ ಕೌದಿ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಮನೆಗೆ ತಂದು ಬೆಳಕಿನಲ್ಲಿ ನೋಡಿದಾಗ, ಹೊಸ ಬಟ್ಟೆಯನ್ನೇ ತುಂಡರಿಸಿ ಹಳೆಯ ತೇಪೆಗಳಂತೆ ಜೋಡಿಸಿದ್ದು ಕಂಡಿತು. ಹೊಲಿದವರು ಯಾರು ಎಂದು ಕೇಳಿದ್ದಕ್ಕೆ "ಹಳ್ಳಿಯ ಹೆಣ್ಣುಮಕ್ಕಳು" ಎಂಬ ಉತ್ತರ ಬಂತು; ಯಾವ ಹಳ್ಳಿ, ಎಷ್ಟು ಕೂಲಿ ಎಂಬುದಕ್ಕೆ ಉತ್ತರವಿರಲಿಲ್ಲ. ಇಷ್ಟು ಬೆಲೆ ಕೊಟ್ಟೂ ಬ್ಲಾಂಕೆಟ್ಟಿಗಿಂತ ಹೆಚ್ಚೇನೂ ನನಗೆ ತಿಳಿಯಲಿಲ್ಲ.

ಮೂರನೆಯದಕ್ಕೆ ಅವ್ವನ ನಾಲ್ಕು ಹಳೆಯ ನೂಲಿನ ಸೀರೆಗಳನ್ನೂ ಅಪ್ಪನ ಒಂದು ಧೋತರವನ್ನೂ ಒಯ್ದು, ಹಳೆ ಊರಿನ ಓಣಿಯಲ್ಲಿ ಕೌದಿ ಹೊಲಿಯುವ ಹಿರಿಯ ಹೆಣ್ಣುಮಗಳೊಬ್ಬರಿಗೆ ಕೊಟ್ಟೆ. ಭಾಂಡೆ ಮಾರುವವರಿಗೆ ಹಾಕಿದ್ದರೆ ಆ ಗಂಟಿಗೆ ಒಂದು ಸ್ಟೀಲ್ ಡಬ್ಬಿ ಬರುತ್ತಿತ್ತು. ಅವರು ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೀಡಿ, ನಾಲ್ಕೂ ಅಂಚಿನಿಂದ ಒಳಮುಖವಾಗಿ ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ ಹಾಕುತ್ತ ಬಂದರು. ನಡುವೆ ಅಂಗೈಯಷ್ಟು ಬಾಯಿ ಉಳಿದಾಗ ಅದರೊಳಗೆ ಒಂದು ಚಿಟಿಕೆ ಅಕ್ಕಿ ಹಾಕಿ, ಕೌದಿಯ ಹೊಟ್ಟೆ ಬರಿದಿರಬಾರದೆಂದು ಹೇಳಿ ಮುಚ್ಚಿದರು.

ಹನ್ನೊಂದು ದಿನ, ದಿನಕ್ಕೆ ಸುಮಾರು ನಾಲ್ಕು ತಾಸು ಹಿಡಿದ ಆ ಕೆಲಸಕ್ಕೆ ಅವರು ಕೇಳಿದ್ದು 800 ರೂಪಾಯಿ. ಕರ್ನಾಟಕದಲ್ಲಿ 2024-25ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನಲವತ್ನಾಲ್ಕು ತಾಸನ್ನು ಎಂಟು ತಾಸಿನ ದಿನಗಳಾಗಿ ಎಣಿಸಿದರೆ ಐದೂವರೆ ದಿನ, ಅಂದರೆ 1,920 ರೂಪಾಯಿಯ ಆಸುಪಾಸು. ಅಷ್ಟು ಕೊಡಲು ಹೋದರೆ ಅವರು ಹಿಂಜರಿದರು: "ಅಕ್ಕಾರ, ಇಷ್ಟ ತಗೊಂಡ್ರ ಓಣ್ಯಾಗಿನವರು ನನ್ನ ಕಡೆ ಹೊಲ್ಯಾಕ ಕೊಡೂದ ಬಿಡ್ತಾರ್ರೀ."

ನನ್ನನ್ನು ತಟ್ಟಿದ್ದು ಈ ಮಾತು. ನಮ್ಮ ಮನೆಯ ಹಳೆಯ ಬಟ್ಟೆಯನ್ನೇ ಬಳಸಿದೆನೆಂಬ ಸಮಾಧಾನದಲ್ಲಿ 800 ರೂಪಾಯಿ ಎಣಿಸಿ ಬಂದಿದ್ದರೆ, ಪಾಣಿಪತ್ತಿನ ಮಾಲು ಕೊಂಡದ್ದಕ್ಕೂ ಇದಕ್ಕೂ ಕೂಲಿಯ ಮಟ್ಟಿಗೆ ವ್ಯತ್ಯಾಸವೇ ಇರುತ್ತಿರಲಿಲ್ಲ. ಇಲ್ಲಿ ಕನಿಷ್ಠಪಕ್ಷ ದುಡಿದವರ ಎದುರು ಕುಳಿತು ಲೆಕ್ಕ ಹಾಕಲು ಸಾಧ್ಯವಾಯಿತು; ಒತ್ತಾಯಿಸಿದ ಮೇಲೆ ಅವರು ಹಣ ತೆಗೆದುಕೊಂಡರು.

ಬಳಕೆಯಲ್ಲಿ ಈ ಕೌದಿ ಸುಲಭದ್ದಲ್ಲ. ಒದ್ದೆಯಾದರೆ ಹಿಂಡಲು ಇಬ್ಬರು ಬೇಕು, ಎರಡು ದಿನದ ಬಿಸಿಲೂ ಬೇಕು. ಆದರೂ ಒಂದು ಹೊಲಿಗೆಯೂ ಬಿಟ್ಟಿಲ್ಲ, ಮಕ್ಕಳು ಜಗಳವಾಡಿ ಎಳೆದುಕೊಳ್ಳುವುದೂ ಇದನ್ನೇ. ನಾನೊಬ್ಬಳು ಹೆಚ್ಚು ಕೊಟ್ಟರೆ ಅವರ ದರ ಏರದೆಂದು ಪಕ್ಕದ ಎರಡು ಮನೆಯವರೊಡನೆ ಮಾತಾಡಿದೆ. ತಾಸಿನ ಲೆಕ್ಕದಲ್ಲೇ ಕೂಲಿ ಕೊಡಲು ಅವರೂ ಒಪ್ಪಿದ್ದಾರೆ. ಅವರ ಸೀರೆಗಳ ಗಂಟು ಈಗ ನಮ್ಮ ಪಡಸಾಲೆಯಲ್ಲಿದೆ, ದೀಪಾವಳಿ ಮುಗಿದ ವಾರ ಒಯ್ದು ಕೊಡಬೇಕು.