ಮರಿಯೋ, ಮೆಲುಕು ಹಾಕುವ ಆಡೋ? ಆಡುಗಳ ಜೊತೆ ಯೋಗ: ಒಂದು ಹೋಲಿಕೆ

ಆಡಿನ ಜೊತೆ ಯೋಗ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೊ: ಮಂಡಿಯೂರಿದವರ ಬೆನ್ನ ಮೇಲೆ ನಿಂತ ಪುಟ್ಟ ಮರಿ. 2016ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶುರುವಾದ ಈ ರೂಢಿಗೆ ಅಲ್ಲಿ ಹೆಚ್ಚಾಗಿ ಬಳಸುವುದು ನೈಜೀರಿಯನ್ ಡ್ವಾರ್ಫ್ ಎಂಬ ಗಿಡ್ಡ ತಳಿ. ಚಿತ್ರದುರ್ಗದ ರೊಪ್ಪಗಳಲ್ಲಿ, ಅಂದರೆ ಆಡು-ಕುರಿ ಕೂಡುವ ದೊಡ್ಡಿಗಳಲ್ಲಿ, ಇರುವುದು ಗುಡ್ಡ ಹತ್ತಿ ಮೇಯುವ, ಉದ್ದ ಕಾಲಿನ ಆಡು. ಅಲ್ಲಿಯದನ್ನು ಹಾಗೇ ಇಲ್ಲಿಗೆ ತಂದರೆ ಹೊಂದುವುದಿಲ್ಲ. ಬೆಳಿಗ್ಗೆ ಮರಿ, ಸಂಜೆ ದೊಡ್ಡ ಆಡು, ನಡುವೆ ಕುರಿಮರಿ, ಮೂರನ್ನೂ ಮಾಡಿ ನೋಡಿದ್ದೇವೆ. ನಗು ಬೇಕಿದ್ದರೆ ಮರಿ ಸರಿ. ಮನಸ್ಸು ತಣ್ಣಗಾಗಬೇಕಿದ್ದರೆ ಮೇದು ಬಂದು ಮೆಲುಕು ಹಾಕುವ ಆಡಿಗೆ ಸಾಟಿಯಿಲ್ಲ.

ಮೊದಲು ಮರಿ. ಮೂರು ವಾರ ತುಂಬಿ ಎರಡು ತಿಂಗಳೊಳಗಿರುವುದು, ಏಳೆಂಟು ಕೆಜಿ ದಾಟದ್ದು ಆಗಬೇಕು. ತಾಯಿಯ ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ ಬಿಡಿ. ಹಸಿದ ಮರಿ ಬೆರಳು, ಕಿವಿ, ಅಂಗಿಯ ತುದಿ ಏನು ಸಿಕ್ಕರೂ ಚೀಪುತ್ತದೆ, ಅರಚುತ್ತದೆ. ಅದಕ್ಕೆ ತಾಯಿ ಓಗೊಡುತ್ತದೆ, ಅಲ್ಲಿಗೆ ಯೋಗ ಮುಗಿಯಿತು. ತಾಯಿಯನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಕಟ್ಟಿ. ಪೂರ್ತಿ ಮರೆಮಾಡಿದರೆ ಎರಡೂ ಸುಮ್ಮನಿರುವುದಿಲ್ಲ.

ಎತ್ತರ ಕಂಡರೆ ಹತ್ತುವುದು ಆಡಿನ ಹುಟ್ಟುಗುಣ. ನೀವು ಬೆಕ್ಕಿನ ಹಾಗೆ ಮಂಡಿಯೂರಿ ಮಾರ್ಜಾರಿ ಆಸನಕ್ಕೆ ಕೈ ಊರಿದರೆ ಅದಕ್ಕೆ ನಿಮ್ಮ ಬೆನ್ನೇ ಬಂಡೆ. ತಪ್ಪಾಗುವುದೂ ಇಲ್ಲೇ. ಉಸಿರು ಬಿಡುತ್ತಾ ಬೆನ್ನು ಗೂನು ಮಾಡಿದಿರೋ, ಮರಿ ಜಾರಿ ಗೊರಸು ಒತ್ತಿ ಹಿಡಿಯುತ್ತದೆ. ತೂಕ ಕಡಿಮೆಯಾದರೂ ಅದೆಲ್ಲ ನಾಲ್ಕು ಸಣ್ಣ ಗೊರಸಿನ ಮೇಲೆ ಬೀಳುವುದರಿಂದ ಚುಚ್ಚಿದಂತಾಗುತ್ತದೆ. ಮರಿ ಮೇಲಿರುವಷ್ಟು ಹೊತ್ತು ಬೆನ್ನು ಮಣೆಯ ಹಾಗೆ ಚಪ್ಪಟೆಯಾಗಿರಲಿ. ಇನ್ನೊಬ್ಬರು ಮರಿಯನ್ನು ಹೆಗಲ ಮೂಳೆಗಳ ನಡುವೆ ನಿಲ್ಲಿಸಲಿ, ಸೊಂಟದ ಕುಳಿಯ ಮೇಲೆ ಬೇಡ. ಇಳಿಸುವುದಕ್ಕೆ ವಾಲಬೇಡಿ, ಹಿಮ್ಮಡಿಯ ಮೇಲೆ ಕುಳಿತು ಹಣೆ ನೆಲಕ್ಕೆ ತಾಗಿಸುವ ಬಾಲಾಸನಕ್ಕೆ ನಿಧಾನವಾಗಿ ಇಳಿದರೆ ಅದೇ ಹಾರಿಕೊಳ್ಳುತ್ತದೆ. ಬೆನ್ನು, ಕುತ್ತಿಗೆ ನೋವಿನವರಿಗೆ ಇದು ಬೇಡವೇ ಬೇಡ. ಶವಾಸನದಲ್ಲಿ ಮುಖದ ಮೇಲೆ ಮರಿ ಕಾಲಿಡದಂತೆ ಕಾಯಲು ಒಬ್ಬರು ನಿಂತಿರಲೇಬೇಕು. ಕಣ್ಣು ಮುಚ್ಚಿದರೂ ಮೈಯೆಲ್ಲ ಎಚ್ಚರ, ಹಾಗಿರುವಾಗ ವಿಶ್ರಾಂತಿ ಎಲ್ಲಿಂದ ಬರಬೇಕು?

ಕುರಿಮರಿ ಬೆನ್ನು ಹತ್ತುವುದಿಲ್ಲ, ಒಂಟಿಯಾಗಿ ಹತ್ತಿರ ಬರುವುದೂ ಅಪರೂಪ. ಒಂದು ಬೆದರಿದರೆ ಹಿಂಡೇ ಮೂಲೆ ಸೇರುತ್ತದೆ. ಉಣ್ಣೆಯ ಸಂದಿಯಲ್ಲಿ ಉಣುಗು ಅಡಗಿರುತ್ತದೆ, ಬೆರಳಾಡಿಸಿ ನೋಡದೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.

ಇನ್ನು ದೊಡ್ಡ ಆಡು. ಇದರ ಜೊತೆ ಮಾಡುವಾಗ ಬೆನ್ನ ಮಾತೇ ಇಲ್ಲ. 25–30 ಕೆಜಿ ಹೊರುವುದು ಯೋಗವಲ್ಲ. ಹಗಲೆಲ್ಲ ಮೇದು, ನೀರು ಕುಡಿದು ರೊಪ್ಪಕ್ಕೆ ಬಂದ ಹೆಣ್ಣಾಡುಗಳಲ್ಲಿ ಒಂದೇ ಹಿಂಡಿನ ಮೂರ್ನಾಲ್ಕನ್ನು ಆರಿಸಿ. ಬೇರೆ ಬೇರೆ ಹಿಂಡಿನವನ್ನು ಕೂಡಿಸಿದರೆ ಯಾರು ಮೇಲು ಎಂದು ಗುದ್ದಾಟ ಶುರುವಾಗುತ್ತದೆ. ಹೋತ ಬೇಡ. ಅದರ ನಾತ ಒಂದು ಕಡೆಗಾದರೆ, ಅಧೋಮುಖ ಶ್ವಾನಾಸನದಲ್ಲಿ ತಲೆ ತಗ್ಗಿಸಿದವರನ್ನು ಅದು ಗುದ್ದಾಟಕ್ಕೆ ಬಂದವರೆಂದೇ ತಿಳಿಯಬಹುದು.

ಆಡು ಬಂದ ಕೂಡಲೇ ಶುರು ಮಾಡಬೇಡಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಮುಂಗಾಲು ಮಡಚಿ ಮಲಗುತ್ತವೆ. ಆಗ ಅದರ ಹೆಗಲ ಪಕ್ಕ, ಕೊಂಬಿಗೆ ಸಿಗದಂತೆ, ಸುಖಾಸನದಲ್ಲಿ ಕುಳಿತು ಅಂಗೈಯನ್ನು ಎಡ ಪಕ್ಕೆಯ ಮೇಲಿಡಿ. ಹೊಟ್ಟೆಯೊಳಗೆ ಏನೋ ಉರುಳಿದ್ದು ಕೈಗೆ ಗೊತ್ತಾಗುತ್ತದೆ. ಮರುಕ್ಷಣ ಕತ್ತಿನ ಕೆಳಗಿಂದ ಒಂದು ಉಂಡೆ ಮೇಲಕ್ಕೆ ಸರಿಯುತ್ತದೆ, ದವಡೆ ಪಕ್ಕಕ್ಕೆ ತಿರುವಿ ತಿರುವಿ ಅರೆಯುತ್ತದೆ, ಕಣ್ಣು ಅರೆಮುಚ್ಚುತ್ತದೆ. ಸುಮಾರು ಒಂದು ನಿಮಿಷ ಅಗಿದು ನುಂಗಿ, ಒಂದೆರಡು ಉಸಿರಿನಷ್ಟು ಸುಮ್ಮನಿದ್ದು, ಮತ್ತೊಂದು ಉಂಡೆ ತರುತ್ತದೆ. ಒಂದು ಉಂಡೆಗೆ ಐದಾರು ದೀರ್ಘ ಉಸಿರು, ನುಂಗಿದಾಗ ಉಸಿರೂ ಸಹಜಕ್ಕೆ. ಹೀಗೆ ಹತ್ತು ಉಂಡೆ. ಎಣಿಸುವ ಗಡಿಯಾರ ಬೇಡ, ಫೋನ್ ಬೇಡ. ಹೆದರಿದ ಆಡು ಮೆಲುಕು ನಿಲ್ಲಿಸುತ್ತದೆ. ಹಾಗಾಗಿ ನಿಮ್ಮ ಚಡಪಡಿಕೆ ಅದಕ್ಕೂ ತಟ್ಟಿತೇ ಎಂಬುದು ಕೂಡಲೇ ತಿಳಿಯುತ್ತದೆ. ಬೆನ್ನ ಮೇಲಿನ ಮರಿಯಿಂದ ಇದು ಸಿಗುವುದಿಲ್ಲ.

ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದಿದ್ದರೆ ಮೊದಲೇ ಹಾಕಿ ಆರಿಸಿ, ಹೊಗೆಯಲ್ಲಿ ಪ್ರಾಣಾಯಾಮ ಬೇಡ.

ಹಾಸಿಗೆಯ ವಿಷಯದಲ್ಲಿ ರಬ್ಬರ್ ಮ್ಯಾಟ್ ಪೂರ್ತಿ ಸೋತಿತು. ಅಂಚು ಕಂಡರೆ ಆಡು ಕಚ್ಚಿ ಎಳೆಯುತ್ತದೆ, ಚೂರು ಹೊಟ್ಟೆಗೆ ಹೋದರೆ ಅಪಾಯ. ಜಮಖಾನ ತೊಳೆಯಲು ಸುಲಭ, ಆದರೆ ಗೊರಸಿಗೆ ಸಿಕ್ಕಿ ಮುದುಡುತ್ತದೆ. ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿಯೇ ಒಳ್ಳೆಯದು: ಭಾರ ಇರುವುದರಿಂದ ಸರಿಯುವುದಿಲ್ಲ, ಹಿಕ್ಕೆ ಬಿದ್ದರೆ ಕೊಡವಿದರೆ ಸಾಕು. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಹೊಸ ಕಂಬಳಿ ಬಿರುಸು, ಚುಚ್ಚುತ್ತದೆ. ಮೇಲೊಂದು ಹಳೆಯ ಹತ್ತಿ ಸೀರೆ ಹಾಸಿ. ಚಿತ್ರದುರ್ಗದ ಕೆಂಪು ಗರಸು ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಕೂರಬಹುದು. ದಾವಣಗೆರೆ ಕಡೆಯ ಎರೆ ಭೂಮಿಯಾದರೆ ಗೊರಸಿಗೆ ಮಣ್ಣು ಉಂಡೆಗಟ್ಟುತ್ತದೆ, ಮಳೆಗಾಲದಲ್ಲಿ ಗಾರೆ ನೆಲದ ಕೊಟ್ಟಿಗೆಯೇ ಗತಿ.

ಆಡನ್ನು ಕರೆಯಲು ಜೇಬಿನಲ್ಲಿ ಮೆಕ್ಕೆಜೋಳ ಇಟ್ಟುಕೊಳ್ಳಬೇಡಿ. ಎಲ್ಲವೂ ಮೇಲೆ ಬೀಳುತ್ತವೆ. ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರಿ ಉಬ್ಬರಿಸಿ ಆಡು ಸಾಯಲೂಬಹುದು. ಅಗಸೆ ಮರದ ಸೊಪ್ಪಿನ ಒಂದು ಕಟ್ಟನ್ನು ದೂರದಲ್ಲಿ ತೂಗುಹಾಕಿ. ಮಲ್ಲಿಗೆ ಮುಡಿದು ಬಂದವರ ಜಡೆ ಉಳಿಯುವುದಿಲ್ಲ, ಮೊದಲೇ ಹೇಳಿಬಿಡಿ.

ತುಟಿಯ ಸುತ್ತ ಹಕ್ಕಳೆಗಟ್ಟಿದ ಹುಣ್ಣಿರುವ ಆಡನ್ನು ಮುಟ್ಟಲೇಬೇಡಿ, ಆ ಸೋಂಕು ನಮ್ಮ ಕೈಗೂ ಹತ್ತುತ್ತದೆ. ಈಚೆಗೆ ಈದ ಅಥವಾ ಕಂದು ಹಾಕಿದ (ಗರ್ಭಪಾತವಾದ) ಆಡುಗಳಿಂದ ಬ್ರುಸೆಲ್ಲೋಸಿಸ್‌ನಂಥ ರೋಗ ಬರಬಹುದು. ಬಸುರಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ರೊಪ್ಪದಿಂದ ದೂರವಿರಲಿ. ಮುಗಿದ ಮೇಲೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆದೇ ಮಂಡಕ್ಕಿಗೆ ಕೈ ಹಾಕಿ.

ಏಳುವಾಗ ಆಡಿಗಿಂತ ಮೊದಲು ನೀವು ಎದ್ದು ಕಂಬಳಿ ಎಳೆದುಕೊಳ್ಳಿ. ಮಲಗಿದ್ದ ಆಡು ಎದ್ದ ಕೂಡಲೇ ಮೈ ಮುರಿದು ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ.