ಕುರ್ಚಿಯಿಂದ ಎದ್ದರೆ ಮಾನಿಟರ್ ಕಪ್ಪು: ಫೆರೈಟ್, ಕೇಬಲ್, ಮ್ಯಾಟ್, ತೇವಾಂಶ – ಯಾವುದು ಗೆದ್ದಿತು?

ಎತ್ತರ ಹೊಂದಿಸುವ ಗ್ಯಾಸ್ ಲಿಫ್ಟ್ ಇರುವ ಕುರ್ಚಿಯಿಂದ ಎದ್ದ ಕೂಡಲೇ ಮಾನಿಟರ್ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಒಮ್ಮೊಮ್ಮೆ ಮೌಸ್ ಕೂಡ ಸಂಪರ್ಕ ಕಳೆದುಕೊಂಡು ಮತ್ತೆ ಸೇರಿಕೊಳ್ಳುತ್ತದೆ. ಕಂಪ್ಯೂಟರನ್ನು ಯಾರೂ ಮುಟ್ಟಿಲ್ಲ, ಯಾರಿಗೂ ಶಾಕ್ ಹೊಡೆದಿಲ್ಲ. ಇದಕ್ಕೆ ಪರಿಹಾರವೆಂದು ಜನ ಹೇಳುವ ನಾಲ್ಕು ದಾರಿಗಳನ್ನು ಬೇರೆಬೇರೆಯಾಗಿ ಪ್ರಯೋಗಿಸಿ ನೋಡಿದೆ.

ಮೊದಲು ಕಾರಣ. ನಾವು ಎದ್ದಾಗ ಬಟ್ಟೆಯೂ ಸೀಟೂ ಬೇರ್ಪಟ್ಟು ಎರಡರ ಮೇಲೂ ಚಾರ್ಜ್ ಉಳಿಯುತ್ತದೆ. ಕುರ್ಚಿಯ ಲೋಹದ ಭಾಗಗಳ ನಡುವೆ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ಅದರ ಕರೆಂಟು 1 ನ್ಯಾನೊಸೆಕೆಂಡಿನ ಆಸುಪಾಸಿನಲ್ಲೇ ತುದಿ ಮುಟ್ಟುವುದರಿಂದ ನೂರಾರು ಮೆಗಾಹರ್ಟ್ಸ್‌ವರೆಗೆ ರೇಡಿಯೊ ಅಲೆ ಹೊರಡುತ್ತದೆ. 300 ಮೆಗಾಹರ್ಟ್ಸ್ ಅಲೆಯ ಉದ್ದ 1 ಮೀಟರ್. ಹಾಗಾಗಿ ಮೇಜಿನ ಹಿಂದೆ ಜೋತುಬಿದ್ದ ಒಂದೆರಡು ಮೀಟರ್ ಕೇಬಲ್ ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ಇನ್ನೊಂದು ವಿಚಿತ್ರ: ಕಡಿಮೆ ವೋಲ್ಟೇಜಿನ ಕಿಡಿಯ ಕರೆಂಟು ಹೆಚ್ಚು ವೇಗವಾಗಿ ಏರುತ್ತದೆ. ಮನುಷ್ಯನ ಚರ್ಮಕ್ಕೆ ಶಾಕ್ ಗೊತ್ತಾಗುವುದು ಸುಮಾರು 3,000 ವೋಲ್ಟ್ ದಾಟಿದ ಮೇಲೆ; ನಮಗೆ ಗೊತ್ತೇ ಆಗದ ಕಿಡಿಯೇ ಪಕ್ಕದ ಸಾಧನಕ್ಕೆ ಹೆಚ್ಚು ಕಾಟ ಕೊಡಬಹುದು.

ಪರೀಕ್ಷೆಗೆ ಒಂದು ಹಳೆಯ ಎಎಂ ರೇಡಿಯೊ ಸಾಕಾಯಿತು. ಎರಡು ಸ್ಟೇಷನ್‌ಗಳ ನಡುವೆ ಮುಳ್ಳು ನಿಲ್ಲಿಸಿಟ್ಟರೆ ಪ್ರತಿ ಕಿಡಿಗೂ ‘ಚಟ್’ ಎನ್ನುತ್ತದೆ. ಚಟ್ ಕಡಿಮೆಯಾದರೆ ಕಿಡಿಯೇ ಕಡಿಮೆಯಾಗಿದೆ. ಚಟ್ ಇದ್ದೂ ಪರದೆ ಕಪ್ಪಾಗದಿದ್ದರೆ ಕೇಬಲ್ ತಡೆದುಕೊಂಡಿದೆ. ಈ ವ್ಯತ್ಯಾಸ ತಿಳಿಯದೆ ಹೋಲಿಸಿದರೆ ಒಣ ದಿನ, ತೇವದ ದಿನಗಳೇ ಫಲಿತಾಂಶ ನಿರ್ಧರಿಸಿಬಿಡುತ್ತವೆ.

ಆ್ಯಂಟಿ-ಸ್ಟ್ಯಾಟಿಕ್ ಮ್ಯಾಟ್‌ನ ಕಥೆ ಬೇಗ ಮುಗಿಯುತ್ತದೆ. ಕುರ್ಚಿಯ ಕೆಳಗೆ ಹಾಸಿ ಅರ್ಥ್ ಕೊಟ್ಟರೂ ರೇಡಿಯೊ ಮೊದಲಿನಂತೆಯೇ ಚಟಗುಟ್ಟಿತು. ಚಕ್ರಗಳು ಮಾಮೂಲಿ ಪ್ಲಾಸ್ಟಿಕ್‌ನವು. ಚಾರ್ಜ್ ಮ್ಯಾಟ್‌ವರೆಗೆ ಇಳಿಯುವುದೇ ಇಲ್ಲ. ವಿದ್ಯುತ್ ಹರಿಯಬಿಡುವ ಚಕ್ರ ಇಲ್ಲದಿದ್ದರೆ ಇದು ಬರೀ ನೆಲಹಾಸು. ಮೈಯ ಚಾರ್ಜನ್ನು ಅರ್ಥ್‌ಗೆ ಇಳಿಸುವ ಮಣಿಕಟ್ಟಿನ ಪಟ್ಟಿಯೂ ಇಲ್ಲಿ ಕೆಲಸಕ್ಕೆ ಬರದು, ಅದು ಬೋರ್ಡ್ ಬಿಚ್ಚಿ ಕೈಯಾಡಿಸುವವರಿಗೆ.

ತೇವಾಂಶ ನಿಜಕ್ಕೂ ಕೆಲಸ ಮಾಡಿತು. ಹ್ಯುಮಿಡಿಫೈಯರ್ ಇಟ್ಟು ಕೋಣೆಯ ಸಾಪೇಕ್ಷ ತೇವಾಂಶ 50 ಶೇಕಡಾ ದಾಟಿಸಿದಾಗ ಚಟ್ ಶಬ್ದವೇ ಅಪರೂಪವಾಯಿತು. ಕಿಡಿಯ ಮೂಲಕ್ಕೇ ಕೈಹಾಕಿ ಮೌಸ್, ಸ್ಪೀಕರ್, ಪರದೆ ಎಲ್ಲಕ್ಕೂ ಒಟ್ಟಿಗೆ ನೆರವಾದದ್ದು ಇದೊಂದೇ. ಆದರೆ ಒಂದು ಪರದೆಗಾಗಿ ಇಡೀ ಕೋಣೆಯನ್ನು ಸದಾ ಒದ್ದೆಯಾಗಿ ಇಟ್ಟುಕೊಳ್ಳುವುದು ನನ್ನ ಕೈಲಾಗದ ಕೆಲಸ.

ಕ್ಲಿಪ್ ಫೆರೈಟ್ (ಕೇಬಲ್ ಸುತ್ತ ಕಚ್ಚಿಸಿ ರೇಡಿಯೊ ಗದ್ದಲ ತಡೆಯುವ ಕಾಂತೀಯ ತುಂಡು) ಅರ್ಧ ಗೆಲುವು. ಮೌಸಿನ ಕೇಬಲ್ ತೆಳು, ಒಂದೇ ಫೆರೈಟಿನಲ್ಲಿ ಮೂರು ಸುತ್ತು ಹಾಕಬಹುದು. ಸುತ್ತು ದುಪ್ಪಟ್ಟಾದರೆ ಇಂಡಕ್ಟನ್ಸ್ (ಕರೆಂಟಿನ ವೇಗದ ಏರಿಳಿತವನ್ನು ತಡೆಯುವ ಗುಣ) ಸುಮಾರು ನಾಲ್ಕು ಪಟ್ಟು ಆಗುತ್ತದಲ್ಲ, ಮೌಸ್ ಕೈಕೊಡುವುದು ನಿಂತೇಹೋಯಿತು. ದಪ್ಪ ಎಚ್‌ಡಿಎಂಐ ಕೇಬಲ್ ಒಂದೇ ಸಲ ತೂರುತ್ತದೆ. ಅಲ್ಲಿ ಕಪ್ಪಾಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಪರದೆಯ ಮಟ್ಟಿಗೆ ಗೆದ್ದದ್ದು ಹೊಸ ಕೇಬಲ್. ಗಿಡ್ಡ ಕೇಬಲ್, ತಂತಿಗಳನ್ನು ಸುತ್ತುವರಿದ ಲೋಹದ ಶೀಲ್ಡ್ ಹೆಣಿಗೆ ಕನೆಕ್ಟರಿನ ಲೋಹದ ಕವಚಕ್ಕೆ ಸುತ್ತಲೂ ಕೂಡಿಕೊಂಡಿರುವಂಥದ್ದು. ರೇಡಿಯೊ ಚಟ್ ಎನ್ನುತ್ತಲೇ ಇತ್ತು, ಪರದೆ ಮಾತ್ರ ಅಲುಗಲಿಲ್ಲ. ಚಿತ್ರದ ದತ್ತಾಂಶ ಜೋಡಿ ತಂತಿಗಳಲ್ಲಿ ಹೋಗುವುದರಿಂದ ಗದ್ದಲವನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಆದರೆ ‘ಮಾನಿಟರ್ ಸಿಕ್ಕಿಸಿದೆ’ ಎಂದು ತಿಳಿಸುವ ಹಾಟ್ ಪ್ಲಗ್ ಸಂಕೇತಕ್ಕೆ ಒಂದೇ ತಂತಿ. ಅಲ್ಲಿ ಏರುಪೇರಾದರೆ ಕಂಪ್ಯೂಟರ್ ಮಾನಿಟರಿನ ಜೊತೆ ಮಾತುಕತೆಯನ್ನು ಮೊದಲಿನಿಂದ ಶುರುಮಾಡಬಹುದು. ಕಳಪೆ ಕೇಬಲ್‌ಗಳಲ್ಲಿ ಶೀಲ್ಡನ್ನು ಒಂದು ಸಣ್ಣ ತಂತಿಯಿಂದ ಕವಚಕ್ಕೆ ಕಟ್ಟಿರುತ್ತಾರೆ. 20 ಮಿಲಿಮೀಟರ್ ತಂತಿಗೆ ಸುಮಾರು 20 ನ್ಯಾನೊಹೆನ್ರಿ ಇಂಡಕ್ಟನ್ಸ್ ಹಿಡಿದರೂ 300 ಮೆಗಾಹರ್ಟ್ಸ್‌ನಲ್ಲಿ ಅದು 38 ಓಮ್‌ನಷ್ಟು ಅಡ್ಡಿ. ಮಲ್ಟಿಮೀಟರಿಗೆ ಇದು ಕಾಣದು. ಅದು ಎರಡೂ ಕೇಬಲ್‌ಗೆ ಒಂದೇ ಥರ ಬೀಪ್ ಮಾಡುತ್ತದೆ.

ತಯಾರಕರು ಇದನ್ನು ಪರೀಕ್ಷಿಸುವುದಿಲ್ಲವೇ ಅಂದರೆ, ಪರೀಕ್ಷಿಸುತ್ತಾರೆ. ಸ್ಥಿರ ವಿದ್ಯುತ್ ಕಿಡಿಯ ಪರೀಕ್ಷೆಗಿರುವ ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಾಧನದಿಂದ 10 ಸೆಂಟಿಮೀಟರ್ ದೂರದ ಲೋಹದ ಹಾಳೆಗೆ ಕಿಡಿ ಹಾರಿಸಿ ನೋಡುವ ಭಾಗವೂ ಇದೆ. ಆದರೆ ಕ್ಷಣಕಾಲ ಕೆಟ್ಟು ತಾನೇ ಸರಿಹೋದರೆ ಸಾಮಾನ್ಯವಾಗಿ ಪಾಸ್! ಅಂದರೆ ನನ್ನ ಮಾನಿಟರಿನ ನಡವಳಿಕೆ ನಿಯಮದ ಕಣ್ಣಿಗೆ ತಪ್ಪೇ ಅಲ್ಲದಿರಬಹುದು.

ಈಗ ಗಿಡ್ಡ ಕೇಬಲ್, ಮೌಸಿಗೆ ಫೆರೈಟ್, ಇಷ್ಟೇ ಉಳಿಸಿಕೊಂಡಿದ್ದೇನೆ. ಬ್ಯಾಕಪ್ ಡ್ರೈವನ್ನು ಮಾತ್ರ ಕುರ್ಚಿಯಿಂದ ದೂರದ ತುದಿಗೆ ಸರಿಸಿದೆ. ಪರದೆ ಕಪ್ಪಾದರೆ ಮತ್ತೆ ಬರುತ್ತದೆ, ಬರೆಯುವ ಮಧ್ಯೆ ಯುಎಸ್‌ಬಿ ಸಂಪರ್ಕ ತಪ್ಪಿದರೆ ಫೈಲ್ ಹಾಳಾಗಬಹುದು.