ಚೆಸ್ಟ್ ಗಾರ್ಡ್ ಇತ್ತು, ಮುರಿದದ್ದು ಪಕ್ಕೆ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ಒಂದು ಕಾಫಿ ತೋಟದೊಳಗಿನ ಜೀಪ್ ದಾರಿ. ಮಳೆ ಹಿಂದೆಗೆದು ಮೇಲ್ಮಣ್ಣು ಒಣಗಿತ್ತು. ಜೀಪಿನ ಟೈರು ಕೊರೆದ ಚಡಿಯೊಳಗೆ ಮಾತ್ರ ಕೆಂಪು ಜೇಡಿ ಇನ್ನೂ ಬೆಣ್ಣೆಯ ಹಾಗಿತ್ತು. 200 ಸಿಸಿ ಬೈಕು, ಎರಡನೇ ಗೇರು, ವೇಗ 20 ಕಿಲೋಮೀಟರ್ ದಾಟಿರಲಿಲ್ಲ. ಮುಂದಿನ ಚಕ್ರ ಚಡಿಯ ಗೋಡೆ ಹತ್ತಲು ಹೋಗಿ ಸಿಕ್ಕಿಕೊಂಡಿತು, ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿತು. ಹಾಗೆ ತಿರುಗಿದಾಗ ಅದರ ಎಡತುದಿ ಹಿಂದಕ್ಕೆ, ಸವಾರನ ಮೈ ಕಡೆಗೇ ಬರುತ್ತದೆ. ಹುಡುಗ ಅದರ ಮೇಲೆ ಬಿದ್ದ.

ಎದ್ದು ನಿಂತವನ ಮೊದಲ ಮಾತು, "ಏನೂ ಆಗಿಲ್ಲ ಬಿಡ್ರೋ, ಉಸಿರು ಕಟ್ಟಿದಂಗಾಯ್ತು ಅಷ್ಟೆ." ಅದೇ ಬೈಕನ್ನು ಓಡಿಸಿಕೊಂಡೇ ಮನೆಗೆ ಬಂದ. ಮನೆಯಲ್ಲಿ ಹಿರಿಯರು ಹಳೇ ಪಂಚೆ ಹರಿದು ಪಕ್ಕೆಗೆ ಬಿಗಿಯಾಗಿ ಸುತ್ತಿದರು. ರಾತ್ರಿ ಮಗ್ಗುಲು ಬದಲಿಸಲಾಗಲಿಲ್ಲ, ಕೆಮ್ಮಲಾಗಲಿಲ್ಲ. ಬೆಳಿಗ್ಗೆ ಹಾಸನಕ್ಕೆ ಕರೆದುಕೊಂಡು ಹೋದರೆ ಎಡಗಡೆಯ 8 ಮತ್ತು 9ನೇ ಪಕ್ಕೆಲುಬು ಮುರಿದಿತ್ತು, ಶ್ವಾಸಕೋಶದ ಸುತ್ತ ತೆಳುವಾಗಿ ಗಾಳಿ ಸೇರಿತ್ತು. ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಗುಲ್ಮಕ್ಕೆ (ಸ್ಪ್ಲೀನ್) ಏಟು ಬಿದ್ದಿದೆಯೋ ಎಂದು ಸ್ಕ್ಯಾನ್ ಮಾಡಿ ಒಂದು ದಿನ ಇಟ್ಟುಕೊಂಡರು.

ಅವನು ಬರಿಮೈಯಲ್ಲಿ ಹೋಗಿರಲಿಲ್ಲ. ಮೈಮೇಲೆ 'ಫುಲ್ ಬಾಡಿ ಆರ್ಮರ್' ಇತ್ತು. ಎದೆ, ಬೆನ್ನು, ಭುಜ, ಮೊಣಕೈ ಎಲ್ಲ ಕಡೆ ಪ್ಲಾಸ್ಟಿಕ್ ತಟ್ಟೆ ಹೊಲಿದ, ಜಿಪ್ ಇರುವ ಬಲೆ ಬಟ್ಟೆಯ ಜಾಕೆಟ್. ಎದೆಯ ಮೇಲೆ ಹೆಸರಾಂತ ಕಂಪನಿಯೊಂದರ ಲಾಂಛನ, ನಕಲಿ. ಬೆಲೆ ಒಂದು ಜೊತೆ ಟೈರಿನಷ್ಟೂ ಇರಲಿಲ್ಲ. ಆಮೇಲೆ ಅದನ್ನು ಬ್ಲೇಡಿನಲ್ಲಿ ಸೀಳಿ ನೋಡಲಾಯಿತು. ಎದೆಯ ಚಿಪ್ಪು ಮಕ್ಕಳ ತಿಂಡಿ ಡಬ್ಬಿಯ ಮುಚ್ಚಳದಷ್ಟು ದಪ್ಪ, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಮಡಚಿಕೊಳ್ಳುತ್ತದೆ. ಅದರ ಹಿಂದೆ ಹವಾಯಿ ಚಪ್ಪಲಿಯ ಅಟ್ಟೆಗಿಂತ ತೆಳುವಾದ ಫೋಮ್, ಹೆಬ್ಬೆರಳಲ್ಲಿ ಒತ್ತಿದರೆ ನೇರ ತಳ ಸಿಗುತ್ತದೆ. ಆದರೆ ಈ ಏಟಿಗೆ ಅದೂ ಲೆಕ್ಕಕ್ಕಿಲ್ಲ. ಎದೆ ತಟ್ಟೆಯ ಅಂಚಿನಿಂದ ಬೆನ್ನು ತಟ್ಟೆಯ ಅಂಚಿನವರೆಗೆ ಟೇಪು ಹಿಡಿದರೆ 19 ಸೆಂಟಿಮೀಟರ್ ಬರೀ ಬಲೆ. ಕಂಕುಳಿಂದ ಒಂದು ಗೇಣು ಕೆಳಗೆ, ಆ 19 ಸೆಂಟಿಮೀಟರಿನ ನಟ್ಟನಡುವೆ ಹ್ಯಾಂಡಲ್ ತುದಿಯ ದುಂಡನೆ ಗುರುತು ಮೂಡಿತ್ತು.

ತೋಟದ ದಾರಿಯಲ್ಲಿ ಬೈಕ್ ಓಡಿಸುವವರು ಗಮನಿಸಬೇಕಾದದ್ದು ಈ ಪಕ್ಕದ ಖಾಲಿ ಜಾಗವನ್ನು. ಅಂಗಡಿಯಲ್ಲಿ ಯಾರೂ ಅದನ್ನು ತೋರಿಸುವುದಿಲ್ಲ. ಎದೆಯ ತಟ್ಟೆಯನ್ನು ಕಟಕಟ ಬಡಿದು "ಸಖತ್ ಸ್ಟ್ರಾಂಗ್ ಸಾರ್" ಅನ್ನುತ್ತಾರೆ, ನಾವೂ ತಲೆಯಾಡಿಸುತ್ತೇವೆ.

ಎದೆಗೆ ಕಟ್ಟುವ ಸಾಮಾನಿನಲ್ಲಿ ಎರಡು ಜಾತಿ. ಒಂದು ರೂಸ್ಟ್ ಗಾರ್ಡ್. ಮಣ್ಣುದಾರಿಯ ಬೈಕ್ ರೇಸಾದ ಮೋಟೋಕ್ರಾಸಿನ ಟ್ರ್ಯಾಕಿನಲ್ಲಿ ಮುಂದಿನವನ ಹಿಂದಿನ ಚಕ್ರ ಎರಚುವ ಕಲ್ಲು ಮಣ್ಣಿನಿಂದ ಎದೆ ಕಾಯುವುದಕ್ಕೆ ಹುಟ್ಟಿದ್ದು. ಯುರೋಪಿನ ಮಾನಕದಲ್ಲಿ ಇದರ ಸಂಖ್ಯೆ ಇಎನ್ 14021. ಹಾರಿ ಬರುವ ಕಲ್ಲಿಗೆ ಇದು ಚೆನ್ನಾಗಿ ತಡೆಯುತ್ತದೆ, ಬಿದ್ದ ಏಟಿಗೆ ಅಲ್ಲ. ಎರಡನೆಯದು ನಿಜವಾದ ಚೆಸ್ಟ್ ಪ್ರೊಟೆಕ್ಟರ್, ಸಂಖ್ಯೆ ಇಎನ್ 1621-3. ಬೆನ್ನಿನದಕ್ಕೆ ಇಎನ್ 1621-2, ಭುಜ ಮೊಣಕೈ ಮೊಣಕಾಲಿನದಕ್ಕೆ ಇಎನ್ 1621-1. ನೋಡಲು ಎರಡೂ ಜಾತಿ ಒಂದೇ ತರಹ ಕಾಣುವುದೇ ತೊಂದರೆ. ಹಾಗಾಗಿ ಒಳಮಗ್ಗುಲಿನ ಲೇಬಲ್ ಓದದೆ ದುಡ್ಡು ಕೊಡಬೇಡಿ. ಬೈಕ್ ಸವಾರನ ಪುಟ್ಟ ಚಿತ್ರ, ಮಾನಕದ ಸಂಖ್ಯೆ, ಪಕ್ಕದಲ್ಲಿ 1 ಅಥವಾ 2 ಎಂಬ ಮಟ್ಟ, ಇಷ್ಟೂ ಇರಬೇಕು. ಯುರೋಪಿನ ಮಾನಕಕ್ಕೆ ಒಪ್ಪುತ್ತದೆ ಎನ್ನುವ 'ಸಿಇ' ಗುರುತನ್ನು ಮಾತ್ರ ದೊಡ್ಡದಾಗಿ ಅಚ್ಚೊತ್ತಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ನಕಲಿ ಜಾಕೆಟ್ಟಿನಲ್ಲೂ ಅದಿತ್ತು, ಸಂಖ್ಯೆ ಇರಲಿಲ್ಲ. ಇನ್ನೊಂದು ಮೋಸ ಇದಕ್ಕಿಂತ ನಯವಾದದ್ದು. ಜಾಕೆಟ್ಟಿನ ಭುಜ ಮೊಣಕೈಗೆ ಮಾತ್ರ ಪ್ರಮಾಣಿತ ಪ್ಯಾಡ್ ಹಾಕಿ, ಎದೆಗೆ ಬರೀ ಫೋಮ್ ತುಂಬಿ, ಇಡೀ ಜಾಕೆಟ್ ಪ್ರಮಾಣಿತ ಎಂದು ಮಾರುವುದು. ಎದೆ, ಬೆನ್ನು, ಮೊಣಕೈ ಒಂದೊಂದರ ಲೇಬಲ್ಲನ್ನೂ ಬೇರೆ ಬೇರೆ ನೋಡಿ.

ಮಟ್ಟ 1, ಮಟ್ಟ 2 ಅಂದರೇನು ಎಂಬುದು ಬೆನ್ನಿನ ಪ್ರೊಟೆಕ್ಟರ್ ಲೆಕ್ಕದಲ್ಲಿ ಸುಲಭವಾಗಿ ತಿಳಿಯುತ್ತದೆ. ಅದರ ಮೇಲೆ 50 ಜೌಲ್ ಶಕ್ತಿಯ ಏಟು ಹಾಕುತ್ತಾರೆ. 5 ಕಿಲೋ ತೂಕದ ಗುಂಡನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದರೆ ಹೆಚ್ಚುಕಮ್ಮಿ ಅಷ್ಟೇ. ಆಚೆ ಬದಿಗೆ ದಾಟುವ ಬಲ ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಮಟ್ಟ 1, 9 ಮೀರದಿದ್ದರೆ ಮಟ್ಟ 2. ಈಗ ಇನ್ನೊಂದು ಲೆಕ್ಕ ಹಾಕಿ: 70 ಕಿಲೋ ತೂಗುವ ಸವಾರ ಒಂದು ಮೀಟರ್ ಎತ್ತರದಿಂದ ಬಿದ್ದರೆ 680 ಜೌಲಿಗಿಂತ ಹೆಚ್ಚು. ಅಷ್ಟೂ ಒಂದೇ ಕಡೆ ಬೀಳುವುದಿಲ್ಲ, ಕೈಕಾಲು ಸೊಂಟ ಎಲ್ಲ ಹಂಚಿಕೊಳ್ಳುತ್ತವೆ. ಹ್ಯಾಂಡಲ್ ತುದಿಯಂಥದ್ದರ ಮೇಲೆ ಬಿದ್ದರೆ ಮಾತ್ರ ಹಂಚಿಕೆ ಇರುವುದಿಲ್ಲ, ಎರಡು ಬೆರಳಗಲದ ಜಾಗಕ್ಕೆ ದೊಡ್ಡ ಪಾಲು ಹೋಗುತ್ತದೆ. ಅದಕ್ಕೇ ಪಕ್ಕೆಗೆ ಫೋಮ್ ಒಂದೇ ಸಾಲದು. ಹೊರಗೆ ಏಟನ್ನು ಅಗಲಕ್ಕೆ ಹರಡುವ ಗಟ್ಟಿ ಚಿಪ್ಪು, ಒಳಗೆ ಏಟನ್ನು ಹೀರುವ ಫೋಮ್, ಎರಡೂ ಬೇಕು. ರಸ್ತೆ ಬೈಕಿನ ಜಾಕೆಟ್ಟಿಗೆ ಹಾಕುವ ಮೆತ್ತನೆ ಪ್ಯಾಡು ಸಮತಟ್ಟಾದ ಟಾರಿಗೆ ಪರವಾಗಿಲ್ಲ. ಸಿಲ್ವರ್ ಓಕ್ ಮರದ ಬೊಡ್ಡೆ, ಬೇಲಿಯ ಕಲ್ಲುಕಂಬ, ಕತ್ತರಿಸಿ ಬಿಟ್ಟ ಕಾಫಿ ಗಿಡದ ಮೋಟುಗಳಿಗೆ ಚಿಪ್ಪೇ ಬೇಕು.

ಪಕ್ಕೆಲುಬು 12 ಜೊತೆ. ಮೇಲಿನ ಏಳು ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ, ಅವುಗಳಲ್ಲಿ ಮೊದಲ ಕೆಲವನ್ನು ಭುಜದ ಮೂಳೆಗಳೂ ಕಾಯುತ್ತವೆ. ಸಾಮಾನ್ಯವಾಗಿ ಮುರಿಯುವುದು ನಡುವಿನವು ಮತ್ತು ಅವುಗಳ ಕೆಳಗಿನವು, ಅದೂ ಎಲುಬು ಹೆಚ್ಚು ಬಾಗಿರುವ ಪಕ್ಕದಲ್ಲಿ. ಎಡಗಡೆ ಕೆಳಗಿನ ಎಲುಬುಗಳ ಹಿಂದೆ ಗುಲ್ಮ, ಬಲಗಡೆ ಲಿವರ್, 11 ಮತ್ತು 12ರ ಹತ್ತಿರ ಮೂತ್ರಪಿಂಡ. ಬಹುತೇಕ ಚೆಸ್ಟ್ ಗಾರ್ಡುಗಳು ಮುಗಿಯುವುದೇ ಈ ಜಾಗ ಶುರುವಾಗುವಲ್ಲಿ. ಕೆಲವು ಸಲ ಏಟು ಕೊಡುವುದು ಕಲ್ಲೂ ಅಲ್ಲ ಹ್ಯಾಂಡಲ್ಲೂ ಅಲ್ಲ, ನಮ್ಮದೇ ಮೊಣಕೈ. ಪಕ್ಕಕ್ಕೆ ಬೀಳುವಾಗ ಕೈ ಮೈಗೆ ಅಂಟಿದ್ದರೆ ನೆಲಕ್ಕೂ ಪಕ್ಕೆಗೂ ನಡುವೆ ಮೊಣಕೈ ಸಿಕ್ಕಿ ಗೂಟದಂತೆ ಒಳಗೆ ಒತ್ತುತ್ತದೆ. ಪಕ್ಕದಲ್ಲಿ ಚಿಪ್ಪಿದ್ದರೆ ಇದಕ್ಕೂ ಆಯಿತು.

ಕೊಳ್ಳುವ ಮುಂಚೆ ಎರಡು ಅಳತೆ ಬೇಕು. ಎದೆಯ ಸುತ್ತಳತೆ ಮೊಲೆತೊಟ್ಟಿನ ಮಟ್ಟದಲ್ಲಿ, ಉಸಿರು ಸಹಜವಾಗಿರುವಾಗ. ಉದ್ದ, ಕತ್ತು ಬಗ್ಗಿಸಿದಾಗ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ. ಶರ್ಟಿನ ಸೈಜ್ ಹೇಳಿ ತರಿಸಿದರೆ ಉದ್ದದಲ್ಲಿ ಎಡವುತ್ತೀರಿ. ತೊಟ್ಟ ಮೇಲೆ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡುವುದು ವ್ಯರ್ಥ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೋ ಪ್ಯಾಡಕ್ ಸ್ಟ್ಯಾಂಡಿಗೋ ಹಾಕಿ, ಫುಟ್‌ಪೆಗ್ ಮೇಲೆ ನಿಂತು, ಮೊಣಕೈ ಎತ್ತಿ, ಮುಂದಕ್ಕೆ ಬಾಗಿ. ಈ ಭಂಗಿಯಲ್ಲಿ ಕೆಟ್ಟ ಗಾರ್ಡು ಮೇಲಕ್ಕೆ ಜಗ್ಗಿ ಗಂಟಲಿಗೆ ತಾಗುತ್ತದೆ, ಕೆಳಗಿನ ಪಕ್ಕೆ ಬಯಲಾಗುತ್ತದೆ. ಹೀಗೇ ನಿಂತು ಬೆರಳಲ್ಲಿ ಕೊನೆಯ ಪಕ್ಕೆಲುಬನ್ನು ಹುಡುಕಿ. ಪಕ್ಕದ ತಟ್ಟೆ ಅದನ್ನು ಮುಚ್ಚಿರಬೇಕು. ಮುಂದಿನ ಮತ್ತು ಪಕ್ಕದ ತಟ್ಟೆಯ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಬೇಡ. ಜೊತೆಗಿದ್ದವರಿಗೆ ತಟ್ಟೆ ಹಿಡಿದು ಅಡ್ಡಕ್ಕೆ ಎಳೆಯಲು ಹೇಳಿ. ಎರಡು ಬೆರಳಷ್ಟು ಜರುಗಿದರೆ ಸರಿ, ಎದೆ ತಟ್ಟೆ ಕಂಕುಳ ಕಡೆ ಸರಿದು ಹೋದರೆ ಬೇಡವೇ ಬೇಡ. ಕೊನೆಗೆ ಪೂರ್ತಿ ಉಸಿರೆಳೆದು ನೋಡಿ. ಅದಕ್ಕೆ ಅಡ್ಡಿಯಾದರೆ ಒಂದು ಗಂಟೆಯಲ್ಲಿ ಬಿಚ್ಚಿ ಬ್ಯಾಗಿಗೆ ಹಾಕಿಬಿಡುತ್ತೀರಿ.

ಪಕ್ಕದ ತಟ್ಟೆ ಮೂರು ತರಹ ಬರುತ್ತದೆ. ಎದೆ ಬೆನ್ನುಗಳನ್ನು ಸೇರಿಸುವ ಅಗಲ ಪಟ್ಟಿಯ ಮೇಲೇ ಚಿಪ್ಪು ಕೂರಿಸಿದ್ದು, ಅಂಗಿಯಂಥ ಜಾಕೆಟ್ಟಿನ ಪಕ್ಕದಲ್ಲಿ ಫೋಮ್ ಹೊಲಿದದ್ದು, ಕಂಕುಳ ಕೆಳಗೆ ಜೇಬು ಮಾತ್ರ ಇಟ್ಟು ಪ್ಯಾಡನ್ನು ಬೇರೆ ಮಾರುವುದು. ತೋಟದ ದಾರಿಗೆ ಮೊದಲನೆಯದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮೂರನೆಯದನ್ನು ಕೊಂಡವರಲ್ಲಿ ಹೆಚ್ಚಿನವರು ಆ ಜೇಬನ್ನು ಖಾಲಿ ಬಿಟ್ಟುಕೊಂಡೇ ಓಡಾಡುತ್ತಾರೆ. ಜರ್ಸಿಯ ಮೇಲೆ ಹಾಕುವುದಕ್ಕಿಂತ ಒಳಗೆ ಹಾಕುವುದು ಮೇಲು. ಹೊರಗಿದ್ದರೆ ಕಾಫಿ ಗಿಡದ ರೆಂಬೆಗಳು ಬಕಲ್ಲಿಗೆ ಸಿಕ್ಕಿ ಪಟ್ಟಿಯನ್ನೇ ಬಿಚ್ಚಿಬಿಡುತ್ತವೆ, ವೆಲ್ಕ್ರೋಗೆ ಕೆಸರು ಮೆತ್ತಿಕೊಂಡರೆ ಹಿಡಿತ ಹೋಗುತ್ತದೆ. ಹೊಟ್ಟೆಗೆ ಬಿಗಿಯುವ ಕಿಡ್ನಿ ಬೆಲ್ಟ್ ಸೊಂಟಕ್ಕೆ ಆಸರೆ, ಪಕ್ಕೆಗೆ ರಕ್ಷಣೆ ಅಲ್ಲ. ಆದರೆ ತಟ್ಟೆಯ ಕೆಳ ಅಂಚನ್ನು ಮೇಲೇಳದಂತೆ ಹಿಡಿಯಲು ಬರುತ್ತದೆ. ಕತ್ತು ಕಾಯುವ ನೆಕ್ ಬ್ರೇಸ್ ಹಾಕುವವರು ಅದನ್ನೂ ಅಂಗಡಿಗೆ ಒಯ್ಯಿರಿ. ಬ್ರೇಸಿನ ಕಾಲು ಎದೆ ತಟ್ಟೆಯ ಮೇಲೆ ಏರಿ ಕೂತರೆ ಎರಡೂ ಕೆಲಸಕ್ಕೆ ಬಾರವು. ಬೈಕಿಗೆ ದಾರ ಕಟ್ಟಿ, ಸವಾರ ಬಿದ್ದಾಗ ಅದು ಎಳೆದು ಉಬ್ಬುವ ಗಾಳಿಚೀಲದ ಜಾಕೆಟ್ಟುಗಳು ಹೆದ್ದಾರಿಗೆ ಸರಿ. ಗಂಟೆಗೆ ನಾಲ್ಕು ಸಲ ಬೈಕ್ ಮಲಗಿಸುವ ಜಾಗದಲ್ಲಿ ಚೀಲ ಉಬ್ಬಿಸುವ ಗ್ಯಾಸ್ ಸಿಲಿಂಡರ್ ಬದಲಿಸುವುದರಲ್ಲೇ ದಿನ ಹೋಗುತ್ತದೆ.

ಎದೆ ಜೇಬಿನಲ್ಲಿ ಮೊಬೈಲು, ಕೀ ಗೊಂಚಲು, ಸ್ಪ್ಯಾನರ್ ಇಡುವವರಿಗೆ ಒಂದು ಮಾತು: ತಟ್ಟೆಯ ಒಳಗಿರುವ ಗಟ್ಟಿ ವಸ್ತು ಏಟನ್ನು ಒಂದೇ ಪಕ್ಕೆಲುಬಿಗೆ ದಾಟಿಸುತ್ತದೆ. ಅವೆಲ್ಲ ಸೊಂಟದ ಚೀಲಕ್ಕೆ, ಅದೂ ಬೆನ್ನುಮೂಳೆಯಿಂದ ಪಕ್ಕಕ್ಕೆ ಸರಿಸಿ.

ಬೈಕಿನ ಕಡೆಯೂ ಅರ್ಧ ಕೆಲಸವಿದೆ. ಹೆತ್ತೂರಿನ ಆ ಬೈಕಿನಲ್ಲಿ ಎಡಗಡೆಯ ಗ್ರಿಪ್ಪಿನ ತುದಿ ಹರಿದು ಹ್ಯಾಂಡಲ್ಲಿನ ಬರೀ ಕೊಳವೆ ಹೊರಗೆ ಬಂದಿತ್ತು, ತುದಿಗೆ ಪ್ಲಗ್ಗೂ ಇರಲಿಲ್ಲ. ತೆರೆದ ಕೊಳವೆ ಮೈಗೆ ನುಗ್ಗಿದರೆ ಚಕ್ಕುಲಿ ಒರಳಿನ ಹಾಗೆ ಕೊರೆಯುತ್ತದೆ. ಹ್ಯಾಂಡಲ್ ತುದಿ ಮುಚ್ಚುವ ಅಗಲ ತಲೆಯ ಬಾರ್ ಎಂಡ್ ಹಾಕಿ, ಇಲ್ಲವೆ ಕೊನೆಯವರೆಗೂ ಸುತ್ತುವ ಅಲ್ಯೂಮಿನಿಯಂ ಹ್ಯಾಂಡ್ ಗಾರ್ಡ್ ಕೂರಿಸಿ. ಹರಿದ ಗ್ರಿಪ್ ಅದೇ ದಿನ ಬದಲಿಸಿ. ಕ್ಲಚ್ ಅಥವಾ ಬ್ರೇಕ್ ಲಿವರಿನ ತುದಿಯ ಗುಂಡು ಮುರಿದಿದ್ದರೆ ಅದೂ ಚೂರಿಯೇ.

ತೋಟದ ಮಕ್ಕಳಿಗೆ ಸಣ್ಣ ಬೈಕ್ ಕೊಡಿಸುವವರು ದೊಡ್ಡವರ 'ಸ್ಮಾಲ್' ಹಾಕಿ ಕಳಿಸಬೇಡಿ. ಮಕ್ಕಳ ಪಕ್ಕೆಲುಬು ಮುರಿಯುವುದಕ್ಕಿಂತ ಬಾಗುವುದೇ ಹೆಚ್ಚು. ಎಕ್ಸ್‌ರೇಯಲ್ಲಿ ಮುರಿತ ಕಾಣದಿದ್ದರೂ ಒಳಗೆ ಶ್ವಾಸಕೋಶ ಜಜ್ಜಿರಬಹುದು.

ಇಷ್ಟಾದರೂ ಪಕ್ಕೆ ಮುರಿಯಬಹುದು. ಬಿದ್ದ ಮೇಲೆ ಉಸಿರೆಳೆದಾಗ ಚುಚ್ಚಿದರೆ, ಒಂದು ಜಾಗ ಒತ್ತಿದಾಗ ಜೀವ ಹೋದಂತಾದರೆ ಮುರಿದಿದೆ ಎಂದೇ ಹಿಡಿಯಿರಿ. ಮೊದಲ ಎಕ್ಸ್‌ರೇಯಲ್ಲಿ ಕೆಲವು ಬಿರುಕು ಕಾಣುವುದಿಲ್ಲ. ಏದುಸಿರು ಹೆಚ್ಚುತ್ತಾ ಹೋದರೆ, ಚರ್ಮ ಮುಟ್ಟಿದಾಗ ಒಳಗೆ ಗುಳ್ಳೆ ಒಡೆದಂತೆ ಕರಕರ ಅಂದರೆ, ಎಡಭುಜದ ತುದಿ ಕಾರಣವಿಲ್ಲದೆ ನೋಯುತ್ತಿದ್ದರೆ, ಮೂತ್ರ ಕೆಂಪಾದರೆ, ತಲೆ ತಿರುಗಿ ಬೆವರಿದರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ. ತೋಟದಲ್ಲಿ ಎಲ್ಲಿ ಸಿಗ್ನಲ್ ಸಿಗುತ್ತದೆ, ಆಂಬುಲೆನ್ಸ್ ಯಾವ ಗೇಟಿನವರೆಗೆ ಬರಬಲ್ಲದು ಎಂಬುದನ್ನು ಹೊರಡುವ ಮುಂಚೆಯೇ ತೋಟದ ಲೆಕ್ಕಪತ್ರ ನೋಡುವ ರೈಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಪಕ್ಕೆಗೆ ಬಟ್ಟೆ ಬಿಗಿಯುವುದು ಹಳೇ ಪದ್ಧತಿ. ಬಿಗಿದರೆ ಆಳವಾಗಿ ಉಸಿರಾಡಲಾಗದೆ ಕಫ ಕಟ್ಟಿ ನ್ಯುಮೋನಿಯಾಗೆ ದಾರಿಯಾಗುತ್ತದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ತಪ್ಪದೆ ತೆಗೆದುಕೊಂಡು, ಕೆಮ್ಮುವಾಗ ದಿಂಬು ಅಪ್ಪಿಕೊಂಡು, ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಯಬೇಕು. ಕೂಡಿಕೊಳ್ಳಲು ಸುಮಾರು ಆರು ವಾರ. ಅಲ್ಲಿಯವರೆಗೆ ಕಿಕ್ಕರ್ ಮುಟ್ಟಬೇಡಿ.

ಇನ್ನು ಒಳ್ಳೆಯ ಗಾರ್ಡನ್ನು ಹಾಳು ಮಾಡುವ ವಿಷಯದಲ್ಲಿ ಮಲೆನಾಡಿನವರು ಪಳಗಿದವರು. ಮಳೆಗಾಲದಲ್ಲಿ ಒದ್ದೆ ಬಟ್ಟೆಯ ಜೊತೆ ಅದನ್ನೂ ಬಚ್ಚಲ ಒಲೆಯ ಮೇಲಿನ ತಂತಿಗೆ ನೇತುಹಾಕುತ್ತಾರೆ. ಆ ಶಾಖಕ್ಕೆ ಫೋಮ್ ಗಡುಸಾಗುತ್ತದೆ, ಅಂಟು ಬಿಡುತ್ತದೆ, ಚಿಪ್ಪು ಸೊಟ್ಟಗಾಗುತ್ತದೆ. ಪ್ಯಾಡ್ ಕಳಚಿ, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ, ಗಾಳಿಯಾಡುವ ನೆರಳಿನಲ್ಲಿ ಹರಡಿ. ವೆಲ್ಕ್ರೋದ ಕೆಸರನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಜೋರಾಗಿ ಬಿದ್ದ ಮೇಲೆ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿಳಿ ಗೆರೆ ಕಂಡರೂ ಅದರ ಆಯಸ್ಸು ಮುಗಿಯಿತು. ತಮ್ಮನಿಗೂ ಕೊಡಬೇಡಿ, ಸೆಕೆಂಡ್ ಹ್ಯಾಂಡ್ ಅಂತ ಮಾರಲೂ ಬೇಡಿ.